ಎಲ್ಲಿಗೆ ಎಂದು ಕೇಳಿದ ಸ್ಕ್ರೀನು

ನನ್ನ ಮೊಮ್ಮಗಳು ಗಾಡಿ ಹೊಡೆಯುತ್ತಾಳೆ. ಬೆಟಗೇರಿಯಲ್ಲಿ ಯಾರು ಎದುರಾದರೂ ನಾನು ಮೊದಲು ಹೇಳುವುದು ಇದನ್ನೇ. ಕೇಳಿ ಕೇಳಿ ಓಣಿಯವರಿಗೆ ಸಾಕಾಗಿದೆ, ಹೇಳಿ ಹೇಳಿ ನನಗೆ ಮಾತ್ರ ಸಾಕಾಗಿಲ್ಲ. ಅದೂ ಅಂತಿಂಥ ಗಾಡಿಯಲ್ಲ. ಹಳೆಯ ಟೆಂಪೋ ಒಂದರ ಸೀಟು ಕಿತ್ತು, ಹಿಂದೆ ಮಲಗಲು ಹಲಗೆ, ಬದಿಗೆ ಗ್ಯಾಸಿನ ಒಲೆ, ಮೂಲೆಗೆ ನೀರಿನ ಡ್ರಮ್ಮು ಇಟ್ಟು ಮನೆ ಮಾಡಿದ್ದಾಳೆ. ಅದರಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ತಿಂಗಳು ಊರೂರು ತಿರುಗಬೇಕು ಅಂತ ಅವಳ ಆಸೆ. ನನಗೆ ಮೊಣಕಾಲು ನೋವು, ಸೊಂಟ ನೋವು. ಆದರೂ ಆಕೆ ಕೇಳಿದ ದಿನ ಖುಷಿಗೆ ಉಂಡ ಅನ್ನ ಇಳಿಯಲಿಲ್ಲ.

ಅಡ್ಡ ಬಂದವನು ನನ್ನ ಮಗ, ಅವಳ ಅಪ್ಪ. ಕೀಲಿಕೈ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೇಳಿದ: "ದಾರಿ ತೋರ್ಸೋದು ಯಾವ್ದರ ಒಂದು ಗಟ್ಟಿ ಮಾಡ್ಕೊ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಹೊತ್ತು ಮುಣಗೋದ್ರಾಗ ಮನಿ ಮುಟ್ಟು. ಮುಟ್ಟಿದ್ರ ನಮ್ಮವ್ವನ್ನ ಕರ್ಕೊಂಡು ಹೋಗು. ಇಲ್ಲಂದ್ರ ಗಾಡಿ ಇಲ್ಲೇ ನಿಂದರ್ತೈತಿ."

ಗದಗಿನ ಅಂಗಡಿಗೆ ಹೋದೆವು. ನಾನು ಮೂರನೇ ಇಯತ್ತೆ ಕಲಿತವಳು. ಆದರೂ ಸ್ಟೂಲು ಹಾಕಿಸಿಕೊಂಡು ಎಲ್ಲ ಕೇಳಿದೆ. ಮೊಬೈಲನ್ನೇ ಒಂದು ಹಿಡಿಕೆಗೆ ಸಿಕ್ಕಿಸಿ ಅದರಲ್ಲಿ ನಕ್ಷೆ ನೋಡುವುದು ಒಂದು ರೀತಿ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಲ್ಲೂ ನಡೆಯುತ್ತದಂತೆ. ಇನ್ನೊಂದು, ಟೇಪಿನ ಜಾಗದಲ್ಲಿ ಕೂರುವ ದೊಡ್ಡ ಸ್ಕ್ರೀನು. ಅದಕ್ಕೆ ಮೊಬೈಲಿನಿಂದ ನೆಟ್ ಬೇಕು, ಆದರೆ ಅದು ಕನ್ನಡ ಮಾತಾಡುತ್ತದೆ. ಮಾತಾಡುತ್ತದೆ ಅಂದ ಕೂಡಲೇ ನಾನು ಮರುಳಾದೆ. ನಕ್ಷೆ ಓದಲು ಬಾರದ ನನಗೂ ದಾರಿ ತಿಳಿಯುತ್ತದಲ್ಲ!

"ಮೊಬೈಲೇ ಸಾಕಬೇ ಅಮ್ಮಾ," ಅಂದಳು ಮೊಮ್ಮಗಳು. ನಮ್ಮಲ್ಲಿ ಅಜ್ಜಿಗೆ ಅಮ್ಮ ಅನ್ನುತ್ತಾರೆ.

"ಸುಮ್ನಿರಲೇ. ನನಗೂ ಮಾತಾಡಾಕ ಒಬ್ರು ಬೇಕು."

ಅಂಗಡಿಯವನು ನಕ್ಕು, "ಒಂದಿನ ಹಚ್ಚಿ ನೋಡ್ರಿ ಅಮ್ಮಾರ, ಸೇರದಿದ್ರ ತಿರುಗಿ ತರ್ರಿ" ಅಂದ.

ಮರುದಿನ ಬೆಳಿಗ್ಗೆ ಸೊಸೆ ರೊಟ್ಟಿ, ಕಾಳುಪಲ್ಯದ ಬುತ್ತಿ ಕಟ್ಟಿಕೊಟ್ಟಳು. ನಾನು ಬಲಗಾಲು ಮೊದಲಿಟ್ಟು ಕಷ್ಟಪಟ್ಟು ಮುಂದಿನ ಸೀಟಿಗೆ ಹತ್ತಿದೆ. ಮೊಮ್ಮಗಳು ಅಪ್ಪ ಅವತ್ತಿನ ಮಟ್ಟಿಗೆ ಕೊಟ್ಟ ಕೀಲಿಕೈ ತಿರುವಿದಳು. ಸ್ಕ್ರೀನು ಬೆಳಗಿ, ಹೆಣ್ಣು ದನಿಯಲ್ಲಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿತು: "ಎಲ್ಲಿಗೆ ಹೋಗಬೇಕು?"

ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳುತ್ತಾರೆಯೇ? ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕಾದರೆ "ದೂರ ಹೊಂಟೀರೇನು?" ಅನ್ನಬೇಕು, ಹೋಗುವವರು "ಇಲ್ಲೇ ಮುಂದ" ಅನ್ನಬೇಕು. ನಾನು ಕೆಳಗಿಳಿದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮತ್ತೆ ಹತ್ತಿದೆ. ಅದು ಮತ್ತೆ ಕೇಳಿತು. ಮತ್ತೆ ಇಳಿದೆ.

"ಹಿಂಗಾದ್ರ ಮಧ್ಯಾಹ್ನದ ಊಟ ಇಲ್ಲೇ ಮಾಡ್ಕೊಂಡು ಹೋಗ್ರಿ," ಅಂದ ಮಗ.

"ಬಸ್ಸಿನ್ಯಾಗ ಕಂಡಕ್ಟರ್ ಕೇಳೂದಿಲ್ಲೇನಬೇ?" ಅಂದಳು ಮೊಮ್ಮಗಳು.

"ಅಂವ ಬಸ್ಸು ಹೊಂಟ ಮ್ಯಾಲೆ ಕೇಳ್ತಾನ. ಇದೂ ಹಂಗ ಕೇಳ್ಲಿ."

ಕೊನೆಗೆ ಅವಳು ಸ್ಕ್ರೀನು ಬಂದ್ ಮಾಡಿ ಗಾಡಿ ಬಿಟ್ಟಳು. ಮುಳಗುಂದದವರೆಗೆ ಗೊತ್ತಿದ್ದ ದಾರಿ. ಅಲ್ಲಿ ಬದಿಗೆ ನಿಲ್ಲಿಸಿ ಲಕ್ಷ್ಮೇಶ್ವರ ಅಂತ ಹೇಳಿದಳು. ಯಂತ್ರ ಅಚ್ಚುಕಟ್ಟಾಗಿ ಕರೆದೊಯ್ದಿತು. ಶಿರಹಟ್ಟಿಗೂ ಹಾಗೆಯೇ. ಊರು ಬಿಟ್ಟು ಸ್ವಲ್ಪ ದೂರ ಹೋಗಿ ಹೇಳುವುದು ಎಂದು ನಮ್ಮಿಬ್ಬರಲ್ಲಿ ಕರಾರು ಆಗಿತ್ತು. ಶಿರಹಟ್ಟಿಯಲ್ಲಿ ಬುತ್ತಿ ಬಿಚ್ಚಿ ಉಂಡೆವು. ಅಷ್ಟರಲ್ಲಿ ನನ್ನ ಸೊಂಟ ಎರಡು ಹೋಳಾಗಿತ್ತು. ಹಿಂದಿನ ಹಲಗೆಯ ಮೇಲೆ ಮಲಗು ಅಂದಳು, ಮಲಗಲಿಲ್ಲ. ಅವಳು ಸ್ಟಿಯರಿಂಗ್ ಹಿಡಿದು ಕೂತ ಚಂದ ನೋಡುವುದು ಬಿಟ್ಟು ಮಲಗುವುದೇ?

"ನೆಟ್ ಚಲೋ ಐತಿ, ಇಲ್ಲೇ ಮುಂಡರಗಿ ಅಂತ ಹೇಳಿಬಿಡ್ಲೇನಬೇ?"

"ಹೊಂಟ ಮ್ಯಾಲೆ ಹೇಳವ್ವ."

ಹೊರಟೆವು. ಊರು ದಾಟಿ, ಕಪ್ಪತಗುಡ್ಡದ ಸಾಲು ಕಾಣುವಲ್ಲಿ ಹೇಳಿದಳು. ಸ್ಕ್ರೀನಿನಲ್ಲಿ ಒಂದು ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತಿತು, ದಾರಿ ಬರಲಿಲ್ಲ. ನೆಟ್ ಹೋಗಿತ್ತು. ಒಂದು ಕವಲಿನಲ್ಲಿ ಅವಳು ಅಂದಾಜಿನ ಮೇಲೆ ತಿರುವಿದಳು. ಡಾಂಬರು ಹೋಗಿ ಜಲ್ಲಿಕಡಿ ಬಂತು, ಕಡಿ ಹೋಗಿ ಎರೆಮಣ್ಣು ಬಂತು, ಕೊನೆಗೆ ಎದುರಿಗೆ ಯಾರದೋ ಹೊಲ. ಗಾಡಿ ತಿರುಗಿಸಲು ಜಾಗವಿಲ್ಲ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಪ್ರತಿ ಕುಲುಕಿಗೂ ನಾನು ಹಲ್ಲು ಕಚ್ಚಿದೆ. ಹೊತ್ತು ಪಶ್ಚಿಮಕ್ಕೆ ವಾಲುತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡಿತು.

ಕುರ್ಚಿಗಿಯಿಂದ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಅದನ್ನು ಹಿಡಿದೇ ಬದುವಿಗೆ ಬಂದಳು. "ದೂರ ಹೊಂಟೀರೇನ್ರೀ ಯವ್ವಾ?"

ನನ್ನ ಬಾಯಿ ರೂಢಿಯಂತೆ ತಾನೇ ಹೇಳಿತು: "ಇಲ್ಲೇ ಮುಂದವ್ವ."

"ಆತ್ರಿ, ಹೋಗಿ ಬರ್ರಿ," ಎಂದು ಅವಳು ತಿರುಗಿ ಹೊರಟೇಬಿಟ್ಟಳು.

"ಅಮ್ಮಾ! ಹೇಳಬೇ, ಮುಂಡರಗಿಗೆ ಅಂತ ಹೇಳು!" ಮೊಮ್ಮಗಳು ಹಾರ್ನ್ ಮೇಲೆ ಕೈ ಇಟ್ಟು ಕೂಗಿದಳು. ಹಾರ್ನ್ ಕೇಳಿ ಹೊಲದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು.

ಹೆಣ್ಣುಮಗಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಮುಂಡರಗಿಗಾ? ಇಲ್ಲೇ ಮುಂದ ನನ್ನ ಹೊಲ ಬಿಟ್ರ ಏನಿಲ್ರಿ. ತಿರುಗಿ ಹೋಗಿ ಆ ಕವಲಿನ್ಯಾಗ ಎಡಕ್ಕ ಹೊಡೀರಿ." ಹಿಂದೆ ನಿಂತು ಕೈ ಮಾಡುತ್ತ ಗಾಡಿ ಹೊರಗೆ ತೆಗೆಸಿದಳು.

ಮುಂಡರಗಿ ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ಚಹಾಕ್ಕೂ ಇಳಿಯಲಿಲ್ಲ. ಅಲ್ಲಿ ನೆಟ್ ಇತ್ತು, ಗದಗಿನ ದಾರಿ ನೆಟ್ಟಗಿತ್ತು, ಆದರೆ ಸೂರ್ಯ ನಮಗಾಗಿ ಕಾಯಲಿಲ್ಲ. ಬೆಟಗೇರಿಗೆ ಬಂದಾಗ ಮನೆಗಳಲ್ಲಿ ದೀಪ ಹತ್ತಿದ್ದವು.

ಮಗ ಬಾಗಿಲಲ್ಲೇ ನಿಂತಿದ್ದ. ಮೊಮ್ಮಗಳು ಅವನು ಕೇಳುವ ಮೊದಲೇ ಕೀಲಿಕೈ ಅವನ ಅಂಗೈಯಲ್ಲಿ ಇಟ್ಟಳು. ನನ್ನ ಹೆಸರು ಎತ್ತಲಿಲ್ಲ. ಅದು ಸೊಂಟಕ್ಕಿಂತ ಹೆಚ್ಚು ನೋಯಿಸಿತು.

"ಲೇ, ಆಕಿ ತಪ್ಪಿಲ್ಲ," ಅಂದೆ ಸೀಟಿನಿಂದಲೇ. "ಮನ್ಯಾಗ ಮೂರೂ ಊರು ಹೇಳಾಕ ಬಿಟ್ಟಿದ್ರ ಚಾ ಹೊತ್ತಿಗೆ ಬರ್ತಿದ್ವಿ. ನಾ ಬಿಡಲಿಲ್ಲ. ಆ ಸ್ಕ್ರೀನು ಅಂಗಡಿಗೆ ತಿರುಗಿ ಕೊಟ್ಟು ಬರ್ತೀವಿ. ಮೊಬೈಲಿನ್ಯಾಗ ನಕ್ಷಾ ಇಳಿಸಿಕೊಂಡು, ಊರಿನ ಹೆಸರು ಹಿಂದಿನ ದಿನಾನ ಹಾಕಿಡ್ಲಿ. ಹೊಂಡೋ ಹೊತ್ತಿಗೆ ಕೇಳವರೂ ಇಲ್ಲ, ಹೇಳವರೂ ಇಲ್ಲ."

"ನಿನ್ನ ಸೊಂಟ?"

"ಸೊಂಟ ನಂದು. ನೀ ಯಾಕ ಹೊರ್ತಿ?"

ಅವನು ಗಾಡಿ ಸುತ್ತಿ ಬಂದ. ಚಕ್ರಕ್ಕೆ ಮೆತ್ತಿದ ಎರೆಮಣ್ಣು ಉಗುರಿನಿಂದ ಕೆರೆದ. "ಹೊಲದಾಗಿಂದ ಹಿಂದಕ್ಕ ಹೊಡ್ಕೊಂಡು ಹೊರಗ ತಗದಿ?" ಎಂದು ಮಗಳನ್ನು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

"ಗೀರು ಸುದ್ದ ಬಿದ್ದಿಲ್ಲ," ಅಂದ. ಕೀಲಿಕೈ ಅವಳ ಕೈಗೆ ತಿರುಗಿ ಕೊಟ್ಟ. "ಅವ್ವಗ ಒಂದೆರಡು ದಿನ ಎಣ್ಣಿ ತಿಕ್ಕ್ರಿ. ಆಮ್ಯಾಲೆ ಹೊಂಡ್ರಿ."

ಮೊಮ್ಮಗಳು ನನ್ನ ಕುತ್ತಿಗೆಗೆ ಬಿದ್ದು ಅತ್ತಳು. ನಾನೂ ಅತ್ತೆ. ಇಳಿದು ಮನೆಯೊಳಗೆ ಹೋಗುವಷ್ಟು ತ್ರಾಣ ಉಳಿದಿರಲಿಲ್ಲ. ಅವಳ ಹೆಗಲು ಹಿಡಿದು ಹಿಂದಿನ ಹಲಗೆಯ ಮೇಲೆ ಕಾಲು ಚಾಚಿದೆ. ಸೊಸೆ ಅಲ್ಲಿಗೇ ಬಿಸಿ ಅನ್ನ, ಸಾರು ತಂದಳು.