ದೊಡ್ಡಮ್ಮ ತೆರೆಸಿದ ಕಿಟಕಿ

ಹದಿನಾರು ಎಂಬ ಊರಿನ ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಂತು ಮೊದಲು ಮೂಸುತ್ತಿದ್ದಳು. ಕೊಟ್ಟ ನೀರನ್ನು ಮುಟ್ಟುವ ಮೊದಲೇ, "ಒಳಗೆಲ್ಲೋ ಒದ್ದೆ ಬಟ್ಟೆ ಮುದುರ್ಕಂಡು ಬಿದ್ದದೆ, ತಗುದು ಬಿಸ್ಲಿಗಾಕವ್ವ" ಎಂದುಬಿಡುವಳು. ಮನೆಯವರು ನಾಚಿಕೊಂಡು ಹುಡುಕಿದರೆ ಮಂಚದಡಿ ಒಂದು ಟವೆಲಾದರೂ ಸಿಗುತ್ತಿತ್ತು. ಟಿ. ನರಸೀಪುರದ ಬೀಗರ ಮನೆಯಲ್ಲಿ ಮಾತ್ರ ಎಲ್ಲರನ್ನೂ ಎಬ್ಬಿಸಿ ಹುಡುಕಿಸಿದ ಮೇಲೆ, ವಾಸನೆ ಮಳೆಯಲ್ಲಿ ನೆನೆದ ಅವಳದೇ ಕೈಚೀಲದ್ದೆಂದು ತಿಳಿಯಿತು. ಬೀಗರು ಈಗಲೂ ನೆನೆಸಿಕೊಂಡು ನಗುತ್ತಾರೆ.

ಈ ಚಾಳಿಗೆ ಕಾರಣ ರೇಷ್ಮೆ. ಬಾಳಿನ ಬಹುಪಾಲು ಹುಳದ ಮನೆಯಲ್ಲೇ ಕಳೆದವಳು ಅವಳು. ಹುಳ ಮೇಯುವ ಸೊಪ್ಪಿನ ಹಾಸಿಗೆಯಲ್ಲಿ ತೇವ ನಿಂತರೆ ಬೆಳೆ ಹೋದಂತೆಯೇ. ಮನುಷ್ಯರನ್ನೂ ಅದೇ ಕಣ್ಣಿಂದ ನೋಡುವಳು. ಯಾರಾದರೂ ಮಂಕಾಗಿ ಕೂತಿದ್ದರೆ, "ಯಾಕ್ಲಾ, ಜ್ವರಕ್ಕೆ ಕುಂತ ಉಳ ಇದ್ದಂಗಿದ್ದೀಯಾ? ಸೊಪ್ಪಾಕ್ಲಾ?" ಎಂದು ರೇಗಿಸುವಳು. ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಕದಲದೆ ಕೂರುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ.

ನನ್ನ ಬಾಣಂತನ ನಂಜನಗೂಡಿನ ತವರಿನಲ್ಲಿ ಆಯಿತು. ಧನುರ್ಮಾಸ, ಹೊಳೆಯ ಕಡೆಯಿಂದ ಮಂಜು ಏಳುವ ಕಾಲ. ಅಮ್ಮ ಕೋಣೆಯ ಗಾಜಿನ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಹಳೇ ಸೀರೆ ತುರುಕಿ, ಗಾಳಿ ನುಸುಳದಂತೆ ಕೋಟೆ ಕಟ್ಟಿದ್ದಳು. ಬಚ್ಚಲ ಹಂಡೆಯ ಹಬೆ ಕೋಣೆಗೇ ನುಗ್ಗುತ್ತಿತ್ತು. ಮಗುವಿನ ಲಂಗೋಟಿಗಳು ಮಂಚದ ಮೇಲಿನ ಹಗ್ಗದಲ್ಲೇ ಒಣಗುತ್ತಿದ್ದವು. ಬೆಳಿಗ್ಗೆ ಎದ್ದರೆ ಗಾಜಿನ ತುಂಬ ನೀರಿನ ಗೆರೆಗಳು. ಹೊರಗಿನ ಮಂಜೇ ಒಳಗೆ ಬರುತ್ತಿದೆ ಎಂದುಕೊಂಡು ಅಮ್ಮ ಇನ್ನೊಂದು ಸೀರೆ ತುರುಕುವಳು. ಅಷ್ಟರಲ್ಲಿ ಮಗುವಿನ ಎದೆಯಲ್ಲಿ ಗೊರಗೊರ ಶುರುವಾಯಿತು. ಡಾಕ್ಟರು ಔಷಧಿ ಕೊಟ್ಟು, ಇಳಿಯದಿದ್ದರೆ ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು.

ಅವತ್ತೇ ದೊಡ್ಡಮ್ಮ ಬಂದಳು. ಮೂಸಿದವಳೇ ಸೀದಾ ಕಿಟಕಿಗೆ ಹೋಗಿ ಸೀರೆ ಎಳೆದಳು.

"ಅಕ್ಕಾ, ಕೈ ತಗಿ! ಹಸೀ ಬಾಣಂತಿ ಅವ್ಳೆ, ಶೀತ ಆಗೋಯ್ತದೆ" ಎಂದು ಅಮ್ಮ ಅಡ್ಡ ಬಂದಳು.

"ಈ ನೀರು ಆಚೆಯಿಂದ ಬಂದದ್ದಲ್ಲ ಕಣೆ. ಒಳಗಿನ ಹಬೇನೇ ಓಗಕ್ಕೆ ದಾರಿ ಇಲ್ದೆ ಗಾಜಿಗೆ ಅಂಟ್ಕಂಡದೆ."

"ನನ್ನ ಮೊಮ್ಮಗಳು ನಿನ್ನ ಹುಳ ಅಲ್ಲ!"

"ಉಳಕ್ಕಾದ್ರೂ ನಾನು ಇಂಗೆ ಮಾಡಾಕಿಲ್ಲ!"

ಅಕ್ಕತಂಗಿಯರ ದನಿ ಬೀದಿಗೆ ಕೇಳುತ್ತಿತ್ತು. ಕೊನೆಗೆ ದೊಡ್ಡಮ್ಮನೇ ತಗ್ಗಿ, "ಆಯ್ತು, ತಾಯಿ ಮಗೂನ ನಡುಮನೆಗೆ ಕರ್ಕೊ. ಅವ್ರು ಇಲ್ದಾಗ ತಗೀತೀನಿ. ಅಷ್ಟಾದ್ರೂ ಬುಡ್ತೀಯಾ?" ಎಂದಳು. ಅಮ್ಮ ಗೊಣಗುತ್ತಲೇ ಒಪ್ಪಿದಳು.

ಗೋಡೆಗೆ ಒತ್ತಿದ್ದ ಮಂಚವನ್ನು ಎಳೆದರೆ ಹಿಂದೆಲ್ಲ ಕಪ್ಪು ಬೂಷ್ಟು. ಮಗು ಮಲಗುವ ಹಾಸಿಗೆಯ ಅಡಿ ತಣ್ಣಗೆ, ಒದ್ದೆ. ಅದನ್ನು ಮುಟ್ಟಿದ ಅಮ್ಮ ಅಲ್ಲೇ ಕೂತುಬಿಟ್ಟಳು. "ಬೆಚ್ಚಗಿರ್ಲಿ ಅಂತ ಮಾಡಿದ್ನಲ್ಲಕ್ಕಾ..."

ದೊಡ್ಡಮ್ಮ ಗೆದ್ದ ಮುಖ ಮಾಡಲಿಲ್ಲ. ಪಕ್ಕದಲ್ಲೇ ಕುಳಿತು, "ನನ್ ಮೊದಲ್ನೇ ಬೆಳೇನೂ ಇಂಗೇ ಓಯ್ತು ಕಣೆ. ಚಳಿ ಅಂತ ಸುತ್ತ ಗೋಣಿ ಕಟ್ಟಿ, ಬಾಗ್ಲಾಕ್ಕಂಡು ಕಾಯ್ತಾ ಕುಂತಿದ್ದೆ. ಏಳು, ಬೂಷ್ಟು ಒರ್ಸಾನ" ಎಂದಳು.

ಅಲ್ಲಿಂದ ಕೋಣೆ ಅವಳ ಆಳ್ವಿಕೆಗೆ ಬಂತು. ಲಂಗೋಟಿಗಳು ತಾರಸಿ ಹತ್ತಿದವು. ಹಂಡೆಗೆ ಮುಚ್ಚಳ ಬಂತು. ಬಚ್ಚಲ ಬಾಗಿಲು ಮುಚ್ಚಿತು, ಅಲ್ಲಿನ ಗವಾಕ್ಷಿ ತೆರೆಯಿತು. ಮಂಚ ಗೋಡೆ ಬಿಟ್ಟು ಈಚೆ ನಿಂತಿತು. ಬೆಳಿಗ್ಗೆ ಗಾಜು ಒರೆಸಿ, ಬಿಸಿಲೇರಿದ ಮೇಲೆ ಎದುರುಬದುರು ಕಿಟಕಿ ತೆರೆಯುವಳು. ತೇವ ಹೀರಲು ಹುಳದ ಹಾಸಿಗೆಗೆ ಹಾಕುವಂತೆ ಮಂಚದ ಸುತ್ತ ಸುಣ್ಣದ ಪುಡಿ ಎರಚಲು ಹೊರಟಾಗ ಮಾತ್ರ ಅಮ್ಮ ಅವಳ ಕೈ ಹಿಡಿದಳು.

"ಇದೊಂದು ಬ್ಯಾಡ ಕಣಕ್ಕಾ."

"ಓಗ್ಲಿ ಬುಡು, ನಿನ್ ಮಾತೂ ಒಂದಿರ್ಲಿ."

ಔಷಧಿ ಕೆಲಸ ಮಾಡಿತೋ ಗಾಳಿಯೋ, ಸಂಕ್ರಾಂತಿ ಹೊತ್ತಿಗೆ ಗೊರಗೊರ ನಿಂತಿತು. ಮೈಸೂರಿಗೆ ಹೋಗುವುದು ತಪ್ಪಿತು.

ದೊಡ್ಡಮ್ಮನನ್ನು ಕಡೆಯ ಸಲ ನೋಡಿದ್ದು ಕೆಲವು ವರ್ಷಗಳ ಮೇಲೆ, ಅವಳ ಊರು ಹದಿನಾರಿನಲ್ಲೇ. ಹಾಸಿಗೆ ಹಿಡಿದಿದ್ದಳು, ಮಾತಿನ ನಡುವೆ ನಿಂತು ನಿಂತು ದಣಿವಾರಿಸಿಕೊಳ್ಳುತ್ತಿದ್ದಳು. ನನ್ನ ಮಗಳು ಅಂಗಳದಲ್ಲಿ ಕರುವನ್ನು ಅಟ್ಟಿಸಿಕೊಂಡು ಕೇರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. "ಸುಮ್ನಿರೇ, ಅಜ್ಜಿ ಮಲಗವ್ರೆ" ಎಂದು ನಾನು ಗದರಿದೆ.

ದೊಡ್ಡಮ್ಮ ನನ್ನ ಸೆರಗು ಹಿಡಿದೆಳೆದಳು.

"ಬೈಬ್ಯಾಡ ಕಣವ್ವ. ಅಷ್ಟುದ್ದ ಕೂಗಕ್ಕೆ ಎದೆ ತುಂಬ ಉಸ್ರು ಬೇಕು. ಕೂಗ್ಲಿ ಬುಡು, ಕೇಳ್ತೀನಿ."

ಕಣ್ಣು ಮುಚ್ಚಿ ಕೇಳುತ್ತ ಮಲಗಿದಳು. ಬಸ್ಸಿಗೆ ಹೊರಡುವವರೆಗೂ ನಾನು ಮಗಳನ್ನು ಸುಮ್ಮನಿರಿಸಲಿಲ್ಲ.