ಪಾರವ್ವನ ಕಬ್ಬಿನ ಪಾಳಿ

ಮೊನ್ನೆ ಗಡಹಿಂಗ್ಲಜದಿಂದ ಕೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ರಸ್ತೆಯ ಎರಡೂ ಬದಿಗೆ ಕಬ್ಬು ಸೂಲಂಗಿ ಬಿಟ್ಟಿತ್ತು. ಆ ಬೆಳ್ಳನೆಯ ಹೂವನ್ನು ನೀವೂ ನೋಡಿರುತ್ತೀರಿ. ಪಕ್ಕದ ಸೀಟಿನ ಹುಡುಗಿ ಕಿಟಕಿಯಿಂದ ಫೋಟೋ ತೆಗೆದುಕೊಂಡು, "ಎಷ್ಟ ಚಂದ ಐತಲ್ರೀ ಅಜ್ಜಿ" ಎಂದಳು. ನಾನು ಹೂಂಗುಟ್ಟಿದೆ. ಚಂದವೇನೋ ಹೌದು. ಆದರೆ ಸಕ್ಕರೆ ಕಾರ್ಖಾನೆಯ ಅನ್ನ ಉಂಡವರಿಗೆ ಸೂಲಂಗಿ ಕಂಡರೆ ಕಡಿಯುವ ಹೊತ್ತು ಮೀರುತ್ತಿದೆ ಎಂದೇ ಕಾಣುತ್ತದೆ. ಹೂವು ಬಂದ ಮೇಲೂ ಕಡಿಯದೆ ಬಿಟ್ಟರೆ ಕಬ್ಬಿನ ರಸ ಇಂಗಿ ಒಳಗೆಲ್ಲ ಬೆಂಡಾಗುತ್ತದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯಿಂದ ಬಸ್ಸಿನಲ್ಲಿ ದಿನಾ ಹೋಗಿಬರುವಷ್ಟು ದೂರದ ಒಂದು ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಅಲ್ಲಿಗೆ ಕಂಪ್ಯೂಟರ್ ಬಂದಾಗ, ಟೈಪಿಂಗ್ ಬಲ್ಲ ಬೆರಳು ಇದಕ್ಕೂ ಆದೀತು ಎಂದು ನನ್ನನ್ನು ಅದರ ಮುಂದೆ ಕೂಡಿಸಿದರು. ಅದಕ್ಕೊಂದು ತಂಪು ಕೋಣೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ನಮ್ಮ ಮನೆಯ ದೇವರಿಗೂ ಅಷ್ಟು ಮಡಿ ಇರಲಿಲ್ಲ. ಆ ಕೋಣೆಯ ಪೂಜಾರಿಯೆಂದರೆ ಮಲ್ಲಣ್ಣ ಸರ್. ಇಚಲಕರಂಜಿಯ ಮಗ್ಗದ ಕಾರ್ಮಿಕರ ಮಗ, ಕೊಲ್ಲಾಪುರದಲ್ಲಿ ಪ್ರೋಗ್ರಾಮ್ ಬರೆಯಲು ಕಲಿತವರು. ಮಗ್ಗದ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ಗುಟ್ಟಿನ ಮಾತನ್ನೂ ಊರಿಗೆ ಕೇಳುವಂತೆ ಆಡುತ್ತಿದ್ದರು.

ಅವರಿಗೆ ವಹಿಸಿದ್ದು ಕಬ್ಬು ಕಡಿಯುವ ಪಾಳಿಯ ಕೆಲಸ. ಮೊದಲು ನೆಟ್ಟವರ ಕಬ್ಬು ಮೊದಲು ಕಡಿಯಬೇಕು. ಯಾರ ಹೆಸರಿನ ಚೀಟಿ ಹೊರಡುತ್ತದೋ ಅವರ ಹೊಲಕ್ಕೆ ಕಡಿಯುವವರ ಟೋಳಿ ಹೋಗುತ್ತದೆ. ಪ್ರೋಗ್ರಾಮ್ ಒಬ್ಬೊಬ್ಬರೇ ರೈತರ ದಾಖಲೆ ತೆಗೆದು, ಚೀಟಿ ಮುದ್ರಿಸಿ, ಅದನ್ನು ಪಕ್ಕಾ ಮಾಡಿ ಮುಂದಿನವರಿಗೆ ಹೋಗಬೇಕು. ದಾಖಲೆಗಳ ಮೇಲೆ ಅದು ಇಟ್ಟುಕೊಳ್ಳುವ ಬೆರಳಿಗೆ ಕರ್ಸರ್ ಎನ್ನುತ್ತಾರೆ, ಪಕ್ಕಾ ಮಾಡುವುದಕ್ಕೆ ಕಮಿಟ್. ಮೊದಲ ರೈತನ ಚೀಟಿ ಸರಿಯಾಗಿ ಬಂತು. ಎರಡನೆಯವನ ಹೊತ್ತಿಗೆ ಕರ್ಸರ್ ತೆರೆದಿಲ್ಲವೆಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ತಕರಾರು.

"ಈಗರ ತೆರದೇನಲ್ಲೋ!" ಎಂದು ಸರ್ ಯಂತ್ರದ ಜೊತೆಗೇ ಜಗಳಕ್ಕೆ ನಿಂತರು. ಅನುಮಾನ ಮೊದಲು ಪ್ರಿಂಟರಿನ ಮೇಲೆ, ಆಮೇಲೆ ಕರೆಂಟಿನ ಮೇಲೆ, ಕೊನೆಗೆ ನನ್ನ ಮೇಲೆ.

"ಬಾಯಾರ, ನೀವೇನರ ಒತ್ತಿದ್ರೇನು?"

"ನಾ ಯಾಕ ಒತ್ತಲಿರಿ? ಮುಟ್ಟಬ್ಯಾಡ್ರಿ ಅಂತ ನೀವ ಹೇಳೀರಲ್ಲ."

ಸರ್ ದಪ್ಪ ಕೈಪಿಡಿ ಓದಿ ಓದಿ ಕಂಡುಕೊಂಡದ್ದು ಇಷ್ಟು: ಕಮಿಟ್ ಆಯಿತೆಂದರೆ ವ್ಯವಹಾರ ಮುಗಿಯಿತು ಎಂದು ಯಂತ್ರ ಕರ್ಸರನ್ನೂ ಮುಚ್ಚಿಬಿಡುತ್ತದೆ. ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದವರು ಬಾಗಿಲು ತೆಗೆಯಲು ಎದ್ದು ಹೋದಂತೆ. ಮರಳಿ ಬಂದಾಗ ಎಲ್ಲಿ ಓದುತ್ತಿದ್ದೆವೋ ತಿಳಿಯದು. ಹಾಗಾದರೆ ಎಲ್ಲ ಮುಗಿದ ಮೇಲೆ ಒಮ್ಮೆಲೇ ಕಮಿಟ್ ಮಾಡೋಣ ಎಂದು ನೋಡಿದರು. ನಡುವೆ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿತು, ಚೀಟಿ ಪಡೆದವರಿಗೇ ಮತ್ತೊಮ್ಮೆ ಚೀಟಿ ಬಂತು. ಕೊನೆಗೆ ಒಂದು ಉಪಾಯ ಹೂಡಿದರು. ಪ್ರತಿ ಕಮಿಟ್ ಆದ ಮೇಲೆ ಕೊನೆಯ ರೈತನ ಕ್ರಮಸಂಖ್ಯೆ ನೆನಪಿಟ್ಟುಕೊಂಡು, ಅವನ ಮುಂದಿನವನಿಂದ ಕರ್ಸರನ್ನು ಹೊಸದಾಗಿ ತೆರೆಯುವುದು. ಚೀಟಿಗಳು ಸರಸರ ಹೊರಟವು. ಸರ್ ಪೇಢೆ ಹಂಚಿದರು, ನಾನು ಮನೆಗೂ ಒಯ್ದೆ.

ಕಬ್ಬು ಅರೆಯುವ ಹಂಗಾಮು ಮುಗಿಯುವ ಹೊತ್ತಿಗೆ ಉತ್ತೂರಿನ ಪಾರವ್ವ ಬಂದಳು. ಪಾಳಿ ಹತ್ತಿರವಾದಾಗಲೇ ಅವಳ ಗಂಡ ತೀರಿಕೊಂಡಿದ್ದ. ಆ ಕಡೆಯ ಕೆಲವು ಮನೆಗಳಲ್ಲಿ ಸಾವಾದರೆ, ದಿನಕರ್ಮ ಮುಗಿಯುವ ತನಕ ಹೊಲದಲ್ಲಿ ನಿಂತ ಬೆಳೆಗೆ ಕುಡುಗೋಲು ತಾಗಿಸುವುದಿಲ್ಲ. ಕೈಯಿಂದ ಚೀಟಿ ಬರೆಯುವ ಕಾಲದಲ್ಲಿ ಗುಮಾಸ್ತರು ಇಂಥವರ ಚೀಟಿಯನ್ನು ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡು, ದಿನ ಕಳೆದ ಮೇಲೆ ಎಲ್ಲರಿಗಿಂತ ಮೊದಲು ಕಳಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಅವರ ಹೆಸರಿಗೆ 'ತಡೆ' ಎಂಬ ಗುರುತು ಹಾಕುತ್ತಿದ್ದೆವು, ಆಮೇಲೆ ತೆಗೆಯುತ್ತಿದ್ದೆವು. ತೆಗೆಯುವ ಹೊತ್ತಿಗೆ ಕರ್ಸರ್ ಅವರನ್ನು ದಾಟಿ ಎಷ್ಟೋ ಮುಂದೆ ಹೋಗಿರುತ್ತಿತ್ತು. ಅದು ಮುಂದಿನವರನ್ನಷ್ಟೇ ನೋಡುತ್ತಿತ್ತು, ಹಿಂದೆ ಉಳಿದವರ ಕಡೆ ಹೊರಳುತ್ತಿರಲಿಲ್ಲ. ಈ ಸಲ ಪರದೆಯ ಮೇಲೆ ತಕರಾರೇ ಬರಲಿಲ್ಲವಾದ್ದರಿಂದ ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಗೇಟಿನವನು ಅವಳನ್ನು "ಕಂಪ್ಯೂಟರ್‌ಮಧ್ಯೆ ನಾವ ನಾಹೀ, ಮಾವಶಿ" ಎಂದು ಮರಾಠಿಯಲ್ಲಿ ಹೇಳಿ ಪ್ರತಿ ಸಲವೂ ಹಿಂದಕ್ಕೆ ಕಳಿಸುತ್ತಿದ್ದನಂತೆ, ಹೆಸರೇ ಇಲ್ಲವೆಂದು. ಆ ದಿನ ಅವನ ಕಣ್ಣು ತಪ್ಪಿಸಿ ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ನನ್ನ ಕಬ್ಬ ಸೂಲಂಗಿ ಬಿಟ್ಟೈತ್ರಿ. ಹಿಂದಿಂದ ಹಚ್ಚಿದವರ್ದೆಲ್ಲಾ ಕಡದ ಹೋತು. ನಮ್ಮವರು ಕೈಯಾರೆ ಹಚ್ಚಿ ಹ್ವಾದ ಕಬ್ಬದು. ಅದ ಹ್ವಾದ್ರ ನನಗ ವರ್ಷದ ಕೂಳಿಲ್ಲ. ಕಾರ್ಖಾನಿ ಬಂದ್ ಆಗತೈತಿ ಅನ್ನಾಕತ್ತಾರ. ನಂದ ಯಾವಾಗ್ರಿ?"

ಮಲ್ಲಣ್ಣ ಸರ್ ಹುಡುಕಿದರು. ಹೆಸರಿತ್ತು, ತಡೆಯೂ ತೆಗೆದಿತ್ತು, ಚೀಟಿ ಮಾತ್ರ ಹೊರಟಿರಲಿಲ್ಲ. ಕರ್ಸರ್ ಅವಳನ್ನು ದಾಟಿ ಹೋಗಿದೆ ಎಂದು ಅವರಿಗೆ ಆಗ ಹೊಳೆಯಿತು. ಮೊದಲ ಸಲ ಅವರ ದನಿ ಇಳಿದದ್ದನ್ನು ಕೇಳಿದೆ: "ನಾಳೆ ಮುಂಜಾನೆ ಟೋಳಿ ಬರತೈತಿ, ಅವ್ವಾ."

ಮೇಲಿನವರ ಕೈಕಾಲು ಹಿಡಿದು ಟೋಳಿ ಹೊರಡಿಸಿದರು. ಮರುದಿನ ತಾವೂ ಹೊರಟರು, "ನೀವೂ ಬರ್ರಿ ಬಾಯಾರ" ಎಂದು ನನ್ನನ್ನೂ ಕರೆದರು. ಕಡಿದ ಮೊದಲ ಕಬ್ಬನ್ನು ಮುರಿದು ಪಾರವ್ವ ನಮ್ಮಿಬ್ಬರ ಕೈಗೂ ಕೊಟ್ಟಳು. ಹೊಲಕ್ಕೆ ಬಂದವರನ್ನು ಬರಿಗೈಲಿ ಕಳಿಸುವವಳಲ್ಲ. ಕಬ್ಬಿನ ಗಣಿಕೆ ಹಗುರವಾಗಿತ್ತು, ಒಳಗೆ ಬೆಳ್ಳಗೆ ಬೆಂಡು. ಸರ್ ಅಗಿದರು.

"ಸಿಹಿ ಐತಿ, ಅವ್ವಾ."

"ಸುಳ್ಳ ಯಾಕ ಹೇಳ್ತಿ ತಮ್ಮಾ, ಬೆಂಡಾಗೇತಿ." ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಸರಿ ಮಾಡಿಕೊಂಡು ಮತ್ತೆ ಹೇಳಿದಳು: "ನನಗ ಕಾಲ ಅದಾವು, ಬಂದೆ. ಬರಾಕ ಆಗದವರು ಇನ್ನ ಯಾರ್ಯಾರ ಉಳದಾರ, ನೋಡಿಯೇನು?"

ಸರ್ ನೋಡಿರಲಿಲ್ಲ. ನಮ್ಮ ತಲೆಯಲ್ಲಿ ಇದ್ದದ್ದು ಅವಳೊಬ್ಬಳೇ. ಅದೇ ಜೀಪಿನಲ್ಲಿ ಹಿಂತಿರುಗಿದೆವು. ಕ್ರಮಸಂಖ್ಯೆಯ ಉಪಾಯ ಅಳಿಸಿ, ಪ್ರತಿ ಸಲ ತೆರೆಯುವಾಗಲೂ ಚೀಟಿ ಸಿಗದವರಲ್ಲಿ ಎಲ್ಲರಿಗಿಂತ ಮೊದಲು ನೆಟ್ಟವರನ್ನು ಹುಡುಕುವಂತೆ ಸರ್ ತಿದ್ದಿದರು. ಒಬ್ಬರ ಹಿಂದೆ ಒಬ್ಬರು ಬಂದರು, ಎಲ್ಲರೂ ಸಾವಿನ ಮನೆಯವರು. ಹಲವರಿಗೆ ಟೋಳಿ ಮುಟ್ಟಿತು. ಆಜರಾ ಕಡೆಯ ಒಬ್ಬ ಮುದುಕನಿಗೆ ಮುಟ್ಟುವ ಮೊದಲೇ ಆ ವರ್ಷದ ಹಂಗಾಮು ಮುಗಿದು ಕಾರ್ಖಾನೆ ನಿಂತಿತು, ಅವನ ಕಬ್ಬು ಹೊಲದಲ್ಲೇ ಒಣಗಿತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೊನ್ನೆ ಕೊಲ್ಲಾಪುರಕ್ಕೆ ಹೋದದ್ದು ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆ. ಕೊನೆಯ ಪಂಕ್ತಿ ಎದ್ದಿತು, ಅಡುಗೆಯವರು ಪಾತ್ರೆ ಮುಚ್ಚತೊಡಗಿದರು. "ಯಾರರ ಉಳದಾರೇನ್ರಿ?" ಎಂದು ಕೇಳಿದೆ. "ಎಲ್ಲಾರ್ದೂ ಆತು, ನೀ ಕುಂದರ ಅಕ್ಕಾ" ಎಂದಳು ತಂಗಿ. ಈ ಮುದುಕಿಯದು ಯಾವಾಗಲೂ ಇದೇ ಎಂದು ಮಕ್ಕಳು ನಕ್ಕರು. ನಗಲಿ. ನಾನು ಕೂಡಲಿಲ್ಲ, ಹಿತ್ತಿಲಿಗೆ ಹೋದೆ. ಪಾತ್ರೆ ತಿಕ್ಕುತ್ತಿದ್ದ ಹೆಂಗಸಿಗೆ "ನಿಂದ ಊಟ ಆತೇನವ್ವಾ?" ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಾಬೂನಿನ ಕೈ ತೊಳೆದುಕೊಂಡು ಎದ್ದಳು.