ಲೆವೆಲ್ ಮೇಸ್ತ್ರಿಯ ಎಡಗಡೆ

ಲೆವೆಲ್ ಮೇಸ್ತ್ರಿಯ ಎಡಗಣ್ಣು ಹೋಗಿ ಎಷ್ಟು ದಿನವಾಗಿತ್ತೋ, ಸ್ವತಃ ಮೇಸ್ತ್ರಿಗೇ ಗೊತ್ತಿರಲಿಲ್ಲ. ನಂಬುವುದು ಕಷ್ಟ, ಆದರೆ ಅವರ ಕಸುಬು ತಿಳಿದರೆ ನಂಬಬಹುದು. ರಸ್ತೆ, ಚರಂಡಿ ಮಾಡುವ ಕಂಪನಿಯಲ್ಲಿ ಮೂರು ಕಾಲಿನ ಮೇಲೆ ದುರ್ಬೀನಿನಂಥ ಯಂತ್ರ ನಿಲ್ಲಿಸಿ, ದೂರದಲ್ಲಿ ಇನ್ನೊಬ್ಬ ಹಿಡಿದ ಅಳತೆಕೋಲಿನ ಅಂಕಿ ಓದಿ, ನೆಲ ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂದು ಬರೆದುಕೊಳ್ಳುವುದು ಅವರ ಕೆಲಸ. ಮೂವತ್ತೆರಡು ವರ್ಷ ಬಲಗಣ್ಣನ್ನು ಯಂತ್ರಕ್ಕೆ ಕೊಟ್ಟು, ಎಡಗಣ್ಣು ಮುಚ್ಚಿಕೊಂಡೇ ಸಂಬಳ ಎಣಿಸಿದವರು. ಮುಚ್ಚಿದ ಬಾಗಿಲ ಹಿಂದೆ ಮನೆ ಖಾಲಿಯಾದರೆ ಬೀದಿಯವರಿಗೆ ಹೇಗೆ ತಿಳಿಯಬೇಕು? ನೋವಿಲ್ಲ, ಕೆಂಪಿಲ್ಲ, ತುರಿಕೆಯಿಲ್ಲ. ಚೆನ್ನಾಗಿರುವ ಕಣ್ಣನ್ನು ಮುಚ್ಚಿ ಇನ್ನೊಂದರಲ್ಲಿ ನೋಡುವ ಚಪಲ ಯಾರಿಗೂ ಇರುವುದಿಲ್ಲ.

ವರ್ಷಕ್ಕೊಮ್ಮೆ ಕಣ್ಣು ಸರಿಯಿದೆ ಎಂಬ ಕಾಗದವನ್ನು ಕಂಪನಿಗೆ ಕೊಡಬೇಕಿತ್ತು. ಅದಿಲ್ಲದವನನ್ನು ದೊಡ್ಡ ಯಂತ್ರಗಳು ಓಡಾಡುವ ರಸ್ತೆಯಲ್ಲಿ ನಿಲ್ಲಿಸುತ್ತಿರಲಿಲ್ಲ. ಕಾಗದ ಕೊಡುವ ಮಹಾನುಭಾವ ಗೋಡೆಯ ಮೇಲಿನ ಅಕ್ಷರ ತೋರಿಸಿ "ಓದಿ" ಎನ್ನುತ್ತಿದ್ದ. ಮೇಸ್ತ್ರಿ ಎರಡೂ ಕಣ್ಣು ಬಿಟ್ಟುಕೊಂಡು ಕೊನೆಯ ಸಾಲಿನವರೆಗೆ ಗಡಗಡ ಓದುತ್ತಿದ್ದರು. ಮುದ್ರೆ ಬೀಳುತ್ತಿತ್ತು. ಸೈಟಿನಲ್ಲಿ ಅವರದು ಹದ್ದಿನ ಕಣ್ಣು ಎಂದು ಹೆಸರು. ಆ ಹೆಸರಿನ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಕಂಪ್ಯೂಟರ್ ಆಟಕ್ಕೆ ಅವರು ಸಿಕ್ಕಿಕೊಂಡದ್ದು ಬಾಯಿ ಸುಮ್ಮನಿರದೆ. ಸೊಸೆ ಕೊರಿಯರ್ ಆಫೀಸಿನಲ್ಲಿ ದಿನವಿಡೀ ಪಾರ್ಸೆಲ್ ವಿಂಗಡಿಸಿ ಬಂದು, ಸಂಜೆ ಒಂದು ಗಂಟೆ ಕಂಪ್ಯೂಟರ್ ಮುಂದೆ ಕೂತು ಗುಂಡು ಹಾರಿಸುವ ಆಟ ಆಡುತ್ತಿದ್ದಳು. ನಾಲ್ಕು ನಾಲ್ಕು ಜನರ ತಂಡ. ಮುಖಪರಿಚಯವಿಲ್ಲದವರು ಎಲ್ಲೆಲ್ಲಿಂದಲೋ ಸೇರಿ ಆಡುವುದು, ಮೈಕಿನಲ್ಲಿ ಮಾತಾಡಿಕೊಳ್ಳುವುದು. ಒಂದು ಸಂಜೆ ಮೇಸ್ತ್ರಿ ಚಹಾ ಲೋಟ ಹಿಡಿದು ಅವಳ ಹಿಂದೆ ನಿಂತಿದ್ದರು. ಅವಳು ದೂರದ ಮಾಳಿಗೆಯ ಮೇಲಿದ್ದ ಎದುರಾಳಿಗೆ, ಬಂದೂಕಿನ ದುರ್ಬೀನಿನಲ್ಲಿ ಮುನ್ನೂರು ಮೀಟರ್ ದೂರವೆಂದು ಗುರಿಯಿಟ್ಟು ಹೊಡೆದಳು. ಗುಂಡು ಅವನ ಕಾಲಕೆಳಗಿನ ಗೋಡೆಗೆ ಬಿತ್ತು.

"ಅದು ಮುನ್ನೂರು ಮೀಟರ್ ಅಲ್ಲಮ್ಮ. ನಾನೂರರ ಮೇಲಿದೆ," ಎಂದರು.

"ನಿಮಗೆ ಹೇಗೆ ಗೊತ್ತು ಮಾವ?"

"ಆ ಬಾಗಿಲು ನೋಡು. ಬಾಗಿಲು ಅಂದ್ರೆ ಎರಡು ಮೀಟರ್ ಎತ್ತರ ಅಂತ ಇಟ್ಕೋ. ನಿನ್ನ ದುರ್ಬೀನಲ್ಲಿ ಎಷ್ಟು ಗೆರೆ ತುಂಬಿದೆ ಅದು? ಲೆಕ್ಕಕ್ಕೆ ಇನ್ನೇನು ಬೇಕು?"

ಸೊಸೆ ಒಂದು ಗೆರೆ ಮೇಲಕ್ಕೆ ಹಿಡಿದು ಹೊಡೆದಳು. ಮಾಳಿಗೆಯವನು ಬಿದ್ದ. ಅವಳು ಕುರ್ಚಿ ತಿರುಗಿಸಿ ಮಾವನನ್ನು ಒಂದು ಕ್ಷಣ ನೋಡಿ, "ನೀವೂ ಬನ್ನಿ," ಎಂದಳು. ಮಗ ಪಾಳಿ ಕೆಲಸಕ್ಕೆ ಹೋದ ಮೇಲೆ ಅವನ ಹಳೆಯ ಕಂಪ್ಯೂಟರು ಅಪ್ಪನ ಪಾಲಾಯಿತು.

"ಅರವತ್ತಕ್ಕೆ ಅರಳುಮರಳು ಅಂತಾರೆ. ಇವರಿಗೆ ಐವತ್ತಾರಕ್ಕೇ ಶುರುವಾಯ್ತು," ಎಂದು ಅಡುಗೆಮನೆಯಿಂದ ಹೆಂಡತಿ ಹೇಳಿದರು.

ಹಿಡಿದ ಕೆಲಸ ಬಿಡುವ ಜಾಯಮಾನ ಮೇಸ್ತ್ರಿಯದಲ್ಲ. ಆಟದಲ್ಲಿ ಅಭ್ಯಾಸಕ್ಕೆಂದೇ ಒಂದು ಬಯಲಿತ್ತು. ದಿನಾ ಅಲ್ಲಿ ಒಂದೇ ಮರಕ್ಕೆ, ಒಂದೇ ಕೊಂಬೆಗೆ, ಮುನ್ನೂರರಿಂದ, ನಾನೂರರಿಂದ, ಆರುನೂರರಿಂದ ಹೊಡೆದು, ಎಷ್ಟು ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ ಎಂದು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದರು. ಆಟದ ಮನುಷ್ಯ ಗುರಿಯಿಡುವಾಗ ಉಸಿರು ಬಿಗಿಹಿಡಿಯಲು ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಕೈ ಅಲುಗುವುದು ನಿಲ್ಲುತ್ತದೆ. ಮೇಸ್ತ್ರಿ ಅದನ್ನು ಒತ್ತಿ, ಜೊತೆಗೆ ತಾವೂ ಉಸಿರು ಹಿಡಿದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು.

"ಮಾವ, ಅವನು ಉಸಿರು ಹಿಡಿದ್ರೆ ಸಾಕು. ನೀವು ಬಿಡಿ."

ಎಡಗಣ್ಣು ಮುಚ್ಚುವುದಕ್ಕೂ ಅವಳು ನಗುತ್ತಿದ್ದಳು. ಚಪ್ಪಟೆ ಪರದೆ ನೋಡುವುದಕ್ಕೆ ಒಂದು ಕಣ್ಣು ಯಾಕೆ ಮುಚ್ಚಬೇಕು? ಮುಚ್ಚಬೇಕಾಗಿಲ್ಲ ಎಂದು ಅವರಿಗೂ ಗೊತ್ತಿತ್ತು. ಕಣ್ಣಿಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಓಡುವವನಿಗೆ ಹೊಡೆಯುವುದು. ಅಳತೆಕೋಲು ಯಾವತ್ತೂ ಓಡಿದ್ದಿಲ್ಲವಲ್ಲ! "ಅವನಿರೋ ಜಾಗಕ್ಕೆ ಹೊಡೀಬೇಡಿ ಮಾವ, ಅವನು ಹೋಗಿ ಸೇರೋ ಜಾಗಕ್ಕೆ ಹೊಡೀರಿ," ಎಂದು ಸೊಸೆ ನೂರು ಸಲ ಹೇಳಿದಳು. ಒಂದೂವರೆ ತಿಂಗಳು ತಿಣುಕಿದ ಮೇಲೆ ಅದು ಕೈಗೆ ಹತ್ತಿತು. ಗೋಡೆಯ ಹಿಂದೆ ಮರೆಯಾದವನ ಹೆಜ್ಜೆಯನ್ನು ಒಂದು, ಎರಡು, ಮೂರು ಎಂದು ಎಣಿಸಿ, ಅವನ ತಲೆ ಇನ್ನೂ ಕಾಣುವ ಮೊದಲೇ ಗುಂಡು ಬಿಡುವುದು. ತಲೆ ಹೊರಗೆ ಬರುವುದಕ್ಕೂ ಗುಂಡು ಹೋಗಿ ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ತಂಡದ ಅಪರಿಚಿತರು ಸೊಸೆಯ ಬಾಯಿ ಕೇಳಿ ಕೇಳಿ ತಾವೂ "ಮಾವ, ಮಾಳಿಗೆ ಮೇಲೊಬ್ಬ ಇದಾನೆ, ನೋಡಿ," ಎನ್ನತೊಡಗಿದರು. ಹೆತ್ತದ್ದು ಒಬ್ಬನೇ ಮಗನಾದರೂ ಮೇಸ್ತ್ರಿ ನೂರಾರು ಜನಕ್ಕೆ ಮಾವನಾದರು.

ಆರುನೂರು ಮೀಟರಿನಾಚೆ ನೊಣ ಹೊಡೆಯುವ ಈ ಮನುಷ್ಯ ಹತ್ತು ಹೆಜ್ಜೆಯಲ್ಲಿ ಸಾಯುತ್ತಿದ್ದರು. ಯಾರೋ ಎಡಗಡೆಯಿಂದ ಆರಾಮಾಗಿ ನಡೆದು ಬಂದು ಕೊಂದುಹೋಗುತ್ತಿದ್ದ.

"ಎಡಕ್ಕೆ ಮಾವ, ಎಡಕ್ಕೆ! ಅಯ್ಯೋ, ಸತ್ತೋದ್ರಿ ಮಾವ!"

"ಬಿಡ್ತು ಅನ್ನೇ!" ಎಂದು ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದರು. "ಮನೆ ಯಜಮಾನರಿಗೆ ಸಂಜೆ ಹೊತ್ತು ಆಡೋ ಮಾತಾ ಅದು?"

"ಬಿಡ್ತು ಅತ್ತೆ," ಎನ್ನುತ್ತಿದ್ದಳು ಸೊಸೆ. ಹತ್ತು ನಿಮಿಷಕ್ಕೆ ಮಾವ ಮತ್ತೆ ಸಾಯುತ್ತಿದ್ದರು, ಅವಳು ಮತ್ತೆ ಬಿಡ್ತು ಎನ್ನುತ್ತಿದ್ದಳು.

ಎಡಗಣ್ಣು ತೆರೆದೇ ಆಡಿ ಎಂದು ಅವಳು ಆಣೆ ಹಾಕಿಸಿದಳು. ತೆರೆದೇ ಆಡಿದರು. ಆದರೂ ಎಡದಿಂದಲೇ ಸತ್ತರು. ಸೊಸೆಗೆ ರೇಗಿಹೋಯಿತು. ತಪ್ಪು ತೋರಿಸಿಕೊಡಬೇಕೆಂದು ಒಂದು ವಾರದ ಆಟವನ್ನೆಲ್ಲ ರೆಕಾರ್ಡ್ ಮಾಡಿ ಒಬ್ಬಳೇ ಕೂತು ನೋಡಿದಳು. ಇಪ್ಪತ್ತಮೂರು ಸಾವಿನಲ್ಲಿ ಹತ್ತೊಂಬತ್ತು ಎಡಗಡೆಯವು. ಒಂದರಲ್ಲಂತೂ ಎದುರಾಳಿ ಪರದೆಯ ಎಡಬದಿಯಲ್ಲಿ, ಮರೆಯಿಲ್ಲ, ಪೊದೆಯಿಲ್ಲ, ಹಾಡಹಗಲಲ್ಲಿ ಆರು ಸೆಕೆಂಡು ನಿಂತಿದ್ದ. ಮಾವನ ಬಂದೂಕು ಒಂದಿಷ್ಟೂ ಅವನ ಕಡೆ ತಿರುಗಲಿಲ್ಲ. ಅವಳು ಅದನ್ನು ಮೂರು ಸಲ ನೋಡಿದಳು. ಸಿಟ್ಟು ಇಳಿದು ಹೆದರಿಕೆಯಾಯಿತು.

ಮರುದಿನ ಸಂಜೆ ಆಟ ಶುರುಮಾಡುವ ಮೊದಲು, "ಮಾವ, ಬಲಗಣ್ಣು ಕೈಯಲ್ಲಿ ಮುಚ್ಕೊಳ್ಳಿ ಒಂದು ಸಲ," ಎಂದಳು.

ಮೇಸ್ತ್ರಿ ನಗುತ್ತ ಮುಚ್ಚಿಕೊಂಡರು.

"ಏನು, ಕರೆಂಟ್ ಹೋಯ್ತಾ?" ಎಂದು ಕೇಳಿದರು.

ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಮೇಸ್ತ್ರಿ ಕೈ ತೆಗೆದರು, ದೀಪ ನೋಡಿದರು, ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಆಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

ಕಣ್ಣಾಸ್ಪತ್ರೆಯ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ಕಣ್ಣೊಳಗಿನ ಒತ್ತಡ ಏರಿ ಎಡಗಣ್ಣಿನ ನರ ಸತ್ತಿದೆ, ಅದು ವಾಪಸ್ ಬರುವುದಿಲ್ಲ. ಬಲಗಣ್ಣಿನಲ್ಲಿ ಅಕ್ಷರ ಚೆನ್ನಾಗಿ ಓದುತ್ತೀರಿ, ಆದರೆ ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡಬೇಕು.

"ನನ್ನ ಕೆಲಸ?" ಎಂದು ಕೇಳಿದರು ಮೇಸ್ತ್ರಿ.

"ಬಲಗಣ್ಣು ಪೂರ್ತಿ ಸರಿಯಿದ್ರೆ ನಾನೇ ಕಾಗದ ಬರೆದು ಕೊಡ್ತೀನಿ. ಒಂದು ಕಣ್ಣಲ್ಲಿ ಕೆಲಸ ಮಾಡೋರು ಬೇಕಾದಷ್ಟು ಜನ ಇದಾರೆ."

ಮೇಸ್ತ್ರಿ ಹಿಡಿದುಕೊಂಡದ್ದು ಆ ಮಾತನ್ನು. ಸೊಸೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಪರೀಕ್ಷೆಯ ಕತ್ತಲೆ ಕೋಣೆಗೆ ಹೋದರು. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಗಲ್ಲ ಊರಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಯಂತ್ರದ ಹುಡುಗಿ ಅವರ ಎಡಗಣ್ಣಿಗೆ ಬಟ್ಟೆ ಕಟ್ಟಿದಳು. ಕಟ್ಟದಿದ್ದರೂ ನಡೆಯುತ್ತಿತ್ತು.

ಎರಡು ನಿಮಿಷ ಕಳೆಯುವುದರೊಳಗೆ ಮೇಸ್ತ್ರಿ ಯಂತ್ರದ ಗುಟ್ಟು ಹಿಡಿದುಬಿಟ್ಟರು. ಪ್ರತಿ ಬೆಳಕಿಗೂ ಮೊದಲು ಒಳಗೆ ಟಿಕ್ ಎಂದು ಸಣ್ಣ ಸದ್ದಾಗುತ್ತಿತ್ತು. ಟಿಕ್ ಎಂದಿತು, ಬಲಗಡೆ ಬೆಳಕು ಬಂತು, ಒತ್ತಿದರು. ಟಿಕ್ ಎಂದಿತು, ಬೆಳಕು ಬರಲಿಲ್ಲ. ಬಂದಿರಬೇಕು ಎಂದು ಒತ್ತಿದರು. ಬೆರಳಿಗೆ ಅಭ್ಯಾಸವಾಗಿತ್ತು. ಕಾಣುವ ಮೊದಲೇ ಎಣಿಸಿ ಹೊಡೆಯುವ ವಿದ್ಯೆಯನ್ನು ಅದು ನಾಲ್ಕು ತಿಂಗಳು ಕಲಿತಿತ್ತು. ಆದರೆ ತಪ್ಪೆಲ್ಲ ಬೆರಳಿನದೇ ಎನ್ನಲಾಗದು. ಕಾಣದ ಬೆಳಕಿಗೆ ಒತ್ತುತ್ತಿದ್ದೇನೆ ಎಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿ ಹಾಳೆ ತೆಗೆದು ಹುಬ್ಬು ಗಂಟಿಕ್ಕಿದಳು.

"ಅಂಕಲ್, ಬೆಳಕೇ ಹಾಕದೆ ಬರೀ ಸದ್ದು ಮಾಡಿದಾಗಲೂ ಒತ್ತಿದೀರಿ. ಹನ್ನೊಂದು ಸಲ. ಕಂಡಾಗ ಮಾತ್ರ ಒತ್ತಬೇಕು." ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. ಅವಳು ಗಡಿಯಾರ ನೋಡಿದಳು. "ಕಣ್ಣು ಚೆನ್ನಾಗೇ ಇದೆ ಅಂತ ಬಂದಿದೆ. ಇದನ್ನೇ ಡಾಕ್ಟರಿಗೆ ಕಳಿಸ್ಲಾ, ಇನ್ನೊಂದು ಸಲ ಮಾಡ್ತೀರಾ?"

ಮೇಸ್ತ್ರಿ ಹಾಳೆ ಇಸಿದುಕೊಂಡು ನೋಡಿದರು. ಕಾಣದ ಜಾಗ ಕಪ್ಪಾಗಬೇಕಿದ್ದ ಹಾಳೆ ಬಹುತೇಕ ಬಿಳಿ. ಈ ಹಾಳೆ ಒಳಗೆ ಹೋದರೆ ಕಾಗದ ಹೊರಗೆ ಬರುತ್ತದೆ, ಸೋಮವಾರ ಎಂದಿನಂತೆ ಯಂತ್ರ ಹೊತ್ತು ಸೈಟಿಗೆ ಹೋಗಬಹುದು. ಹದ್ದಿನ ಕಣ್ಣು ಹದ್ದಿನ ಕಣ್ಣಾಗಿಯೇ ಉಳಿಯುತ್ತದೆ. ಅವರಿಗೆ ಅದು ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಅವರ ಕಸುಬಿನಲ್ಲಿ ಕ್ಷಮೆಯಿಲ್ಲದ ಪಾಪ ಒಂದೇ, ಕಾಣದ ಅಂಕಿಯನ್ನು ಕಂಡಂತೆ ಬರೆಯುವುದು. ಬರೆದವನ ಪುಸ್ತಕ ಅಂದವಾಗಿಯೇ ಇರುತ್ತದೆ. ಚರಂಡಿಯ ನೀರು ಮಾತ್ರ ಹಿಂದಕ್ಕೆ ಹರಿದು ಯಾರದೋ ಮನೆಯೊಳಗೆ ನುಗ್ಗುತ್ತದೆ.

"ಇನ್ನೊಂದು ಸಲ ಮಾಡಮ್ಮ," ಎಂದರು.

ಈ ಸಲ ಟಿಕ್ ಎಂದಾಗ ಕಾದರು. ಬೆಳಕು ಬಂದರೆ ಒತ್ತಿದರು, ಬಾರದಿದ್ದರೆ ಇಲ್ಲ. ಬಲಗಡೆಯವು ಒಂದೊಂದೇ ಬಂದವು. ಆಮೇಲೆ ಟಿಕ್, ಏನೂ ಇಲ್ಲ. ಟಿಕ್, ಏನೂ ಇಲ್ಲ. ಬೆರಳು ತುಡಿಯಿತು, ಬಿಗಿಹಿಡಿದರು. ಎಡಗಡೆ ಎಲ್ಲೆಲ್ಲೋ ಬೆಳಕು ಹತ್ತಿ ಆರುತ್ತಿದೆ, ಪಕ್ಕದಲ್ಲಿ ನಿಂತ ಹುಡುಗಿಗೆ ಕಾಣುತ್ತಿದೆ, ತಮಗೆ ಕಾಣುತ್ತಿಲ್ಲ ಎಂಬುದು ತಿಳಿಯುತ್ತ ಹೋದಂತೆ ಮೇಸ್ತ್ರಿಗೆ ಹೆದರಿಕೆಯಾಯಿತು. ಇಷ್ಟು ಹೆದರಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ. ಆದರೂ ಒತ್ತಲಿಲ್ಲ.

"ಈಗ ಸರಿಯಾಗಿ ಬಂತು ಅಂಕಲ್," ಎಂದಳು ಹುಡುಗಿ. ಹಾಳೆಯ ಎಡಭಾಗ ನಡುವಿನ ಚುಕ್ಕೆಯ ಹತ್ತಿರದವರೆಗೂ ಕಪ್ಪಾಗಿತ್ತು.

ಡಾಕ್ಟರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಮೊದಲನೇದೊಂದೇ ಬಂದಿದ್ರೆ ಬರೀ ಹನಿ ಔಷಧಿ ಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಅಂತಿದ್ದೆ. ಅಷ್ಟರಲ್ಲಿ ಈ ಕಣ್ಣೂ ಹೋಗಿ, ನೀವು ಯಾರದಾದ್ರೂ ಕೈ ಹಿಡ್ಕೊಂಡು ಬರ್ತಿದ್ರಿ. ಈ ವಾರವೇ ಆಪರೇಷನ್ ಮಾಡೋಣ. ಹೋಗಿದ್ದು ಹೋಯ್ತು, ಇರೋದನ್ನ ಉಳಿಸಿಕೊಳ್ಳಬಹುದು." ಸ್ವಲ್ಪ ತಡೆದು ಸೇರಿಸಿದರು. "ಆದ್ರೆ ಕೆಲಸದ ಆ ಕಾಗದಕ್ಕೆ ನಾನು ಸಹಿ ಹಾಕೋಕಾಗಲ್ಲ."

ಮೇಸ್ತ್ರಿ ತಲೆಯಾಡಿಸಿ ಎದ್ದು ಹೊರಗೆ ಬಂದರು. ಸೊಸೆ ಬೆಂಚಿನಿಂದ ದಡಬಡ ಎದ್ದು ಎದುರಿಗೆ ಬಂದಳು.

"ಏನಂದ್ರು ಮಾವ?"

"ಕಣ್ಣು ಉಳಿಯುತ್ತಂತೆ ಕಣಮ್ಮ," ಎಂದರು ಮೇಸ್ತ್ರಿ. "ಕೆಲಸ ಹೋಯ್ತು."

ಹೇಳಿ ಮುಗಿಸಿ, ಗೋಡೆ ಹಿಡಿದು, ಅವಳು ಎದ್ದ ಜಾಗದಲ್ಲೇ ಕೂತರು. ಸೊಸೆಯ ಮುಂದೆ ಅಳಬಾರದೆಂದು ಮುಖ ಆ ಕಡೆ ತಿರುಗಿಸಿದರು, ಆಗಲಿಲ್ಲ. ನೀರು ಎರಡೂ ಕಣ್ಣಿನಿಂದ ಬಂತು.